ಬಾಟಲಿಯ ಗುಳ್ಳೆಯನ್ನಷ್ಟೇ ನಂಬಬೇಡಿ

ಮಾನ್ಯರೇ,

ದಿನ ತುಂಬದೆ ಹುಟ್ಟಿದ ಮಗು ಬದುಕಿ ಮನೆಗೆ ಹೋದ ಸುದ್ದಿ ಪತ್ರಿಕೆಗಳಲ್ಲಿ ಬಂದಾಗಲೆಲ್ಲ ಶ್ರೇಯಸ್ಸು ವೆಂಟಿಲೇಟರ್‌ಗೆ ಹೋಗುತ್ತದೆ. ಇಂಥ ಎಷ್ಟೋ ಮಕ್ಕಳಿಗೆ ವೆಂಟಿಲೇಟರ್ ಬೇಕಾಗುವುದೇ ಇಲ್ಲ. ಅವರ ಪಕ್ಕದಲ್ಲಿ ಇರುವುದು ನೀರಿನ ಒಂದು ಬಾಟಲಿ, ಅದರೊಳಗೆ ಮುಳುಗಿಸಿಟ್ಟ ಕೊಳವೆಯ ತುದಿ, ಎಡೆಬಿಡದೆ ಏಳುವ ಗುಳ್ಳೆ. ಮೂಗಿನ ಮೂಲಕ ಶ್ವಾಸಕೋಶಕ್ಕೆ ನಿರಂತರ ಒತ್ತಡದ ಗಾಳಿ ಕೊಡುವ ಬಬಲ್ ಸಿಪ್ಯಾಪ್ ಅದೇ. ಇದರ ಬಗ್ಗೆ ಬರೆಯುವವರೂ ‘ಅಗ್ಗದ, ಸರಳ ಸಾಧನ’ ಎಂದು ಹೇಳಿ ಮುಗಿಸಿಬಿಡುತ್ತಾರೆ. ಅಗ್ಗದ್ದು ಹೌದು, ಸರಳ ಅಲ್ಲ.

ಶ್ವಾಸಕೋಶದ ಗಾಳಿಗೂಡುಗಳ ಒಳಮೈಗೆ ಸರ್ಫ್ಯಾಕ್ಟೆಂಟ್ ಎಂಬ ಜಿಡ್ಡಿನ ಲೇಪ ಇರುತ್ತದೆ. ದಿನ ತುಂಬದ ಮಗುವಿನಲ್ಲಿ ಅದು ಸಾಲದಿದ್ದರೆ ಉಸಿರು ಬಿಟ್ಟಾಗಲೆಲ್ಲ ಗೂಡುಗಳು ಒದ್ದೆ ಪ್ಲಾಸ್ಟಿಕ್ ಚೀಲದಂತೆ ಅಂಟಿಕೊಳ್ಳುತ್ತವೆ, ಮುಂದಿನ ಉಸಿರಿಗೆ ಮತ್ತೆ ಮೊದಲಿನಿಂದ ಬಿಡಿಸಬೇಕು. ಉಸಿರಾಟದ ತೊಂದರೆಯಿಂದ ಸತ್ತ ಶಿಶುಗಳ ಶ್ವಾಸಕೋಶದಲ್ಲಿ ಈ ಲೇಪದ ಕೊರತೆ ಇದೆ ಎಂದು 1959ರಲ್ಲಿ ತೋರಿಸಿಕೊಟ್ಟವರು ಮೇರಿ ಎಲೆನ್ ಆವೆರಿ ಮತ್ತು ಜೆರಿ ಮೀಡ್. ಇಂಥ ಮಗು ಉಸಿರು ಬಿಡುವಾಗ ಮುಲುಗುತ್ತದೆ. ಅದು ನೋವಿನ ನರಳಾಟವಲ್ಲ. ಧ್ವನಿಪೆಟ್ಟಿಗೆಯನ್ನು ಅರೆ ಮುಚ್ಚಿಕೊಂಡು ಒಂದಿಷ್ಟು ಗಾಳಿಯನ್ನು ಒಳಗೇ ಹಿಡಿದಿಡಲು ಮಗು ತಾನೇ ಮಾಡಿಕೊಂಡ ಉಪಾಯ. ಆ ಕೆಲಸವನ್ನು ಹೊರಗಿನಿಂದ ಮಾಡಿಕೊಟ್ಟವರು ಜಾರ್ಜ್ ಗ್ರೆಗೊರಿ ಮತ್ತು ಸಂಗಡಿಗರು. 1971ರಲ್ಲಿ ಪ್ರಕಟವಾದ ಅವರ ವರದಿಯಲ್ಲಿ, ನಿರಂತರ ಒತ್ತಡದ ಗಾಳಿ ಪಡೆದ 20 ಶಿಶುಗಳಲ್ಲಿ 16 ಬದುಕಿದ್ದವು.

ಬಾಟಲಿಯ ಲೆಕ್ಕ ಹೀಗಿದೆ. ಗಾಳಿ ಮತ್ತು ಆಮ್ಲಜನಕ ಬ್ಲೆಂಡರ್‌ನಲ್ಲಿ ಬೆರೆತು, ಹ್ಯೂಮಿಡಿಫೈಯರ್‌ನಲ್ಲಿ 37 ಡಿಗ್ರಿಗೆ ಬೆಚ್ಚಗಾಗಿ, ತೇವಗೊಂಡು, ಮೂಗಿನ ಹೊಳ್ಳೆಗಳಲ್ಲಿ ಕೂರುವ ಪುಟ್ಟ ಜೋಡಿ ಕೊಳವೆಗೆ, ಅಂದರೆ ಪ್ರಾಂಗ್‌ಗೆ, ಬರುತ್ತವೆ. ಹೊರಹೋಗುವ ಕೊಳವೆಯ ತುದಿ ನೀರಿನಲ್ಲಿ 5 ಸೆಂ.ಮೀ. ಮುಳುಗಿದ್ದರೆ ಮಗುವಿಗೆ ಸಿಗುವ ಒತ್ತಡವೂ ಹೆಚ್ಚುಕಡಿಮೆ 5 ಸೆಂ.ಮೀ. ನೀರಿನಷ್ಟೇ. ಸಾಮಾನ್ಯವಾಗಿ ನಿಮಿಷಕ್ಕೆ 5ರಿಂದ 8 ಲೀಟರ್ ಹರಿವು ಸಾಕು. ಗುಳ್ಳೆ ನಿಲ್ಲದಂತೆ ನೋಡಿಕೊಳ್ಳುವ ಅತಿ ಕಡಿಮೆ ಹರಿವೇ ಸರಿಯಾದದ್ದು.

ಗುಳ್ಳೆ ನಿಂತರೆ ಎಲ್ಲೋ ಸೋರಿಕೆ ಇದೆ ಎಂದರ್ಥ. ಪ್ರಾಂಗ್ ಮೂಗಿನ ಹೊಳ್ಳೆಗಿಂತ ಸಣ್ಣದು, ಬಾಯಿ ತೆರೆದಿದೆ, ಇಲ್ಲವೇ ಹ್ಯೂಮಿಡಿಫೈಯರ್‌ನ ಮುಚ್ಚಳ ಸಡಿಲ. ಸೋರಿಕೆ ಹುಡುಕದೆ ಹರಿವು ಏರಿಸುವುದು ತೀರಾ ಸಾಮಾನ್ಯ ತಪ್ಪು. ಬಾಯಿ ಮುಚ್ಚಿಕೊಂಡ ಕ್ಷಣ ಒತ್ತಡ ಜಿಗಿಯುತ್ತದೆ. ಇದಕ್ಕಿಂತ ಮೋಸದ್ದು ಇನ್ನೊಂದಿದೆ. ಪ್ರಾಂಗ್ ಸಿಂಬಳದಿಂದ ಕಟ್ಟಿಕೊಂಡರೂ ಗಾಳಿ ಮೂಗನ್ನು ತಪ್ಪಿಸಿ ನೇರ ಬಾಟಲಿಗೆ ಹೋಗುತ್ತದೆ. ಗುಳ್ಳೆ ಚೆನ್ನಾಗಿಯೇ ಏಳುತ್ತಿರುತ್ತದೆ, ಮಗುವಿಗೆ ಮಾತ್ರ ಏನೂ ತಲುಪುತ್ತಿರುವುದಿಲ್ಲ. ಹಾಗಾಗಿ ಕಣ್ಣು ಮೊದಲು ಹೋಗಬೇಕಾದದ್ದು ಎದೆಯ ಕಡೆಗೆ: ಪಕ್ಕೆಲುಬಿನ ಸಂದು ಒಳಕ್ಕೆ ಎಳೆಯುತ್ತಿದೆಯೇ, ಮುಲುಗು ನಿಂತಿದೆಯೇ? ಸ್ಟೆತಸ್ಕೋಪ್ ಇಟ್ಟರೆ ಎರಡೂ ಬದಿಯಲ್ಲಿ ಗುಳ್ಳೆಯ ಸದ್ದು ಕೇಳಬೇಕು. ಬಾಟಲಿ ಆಮೇಲೆ.

ಹೊರಹೋಗುವ ಕೊಳವೆ ಜೋತುಬಿದ್ದ ಕಡೆ ಆವಿ ತಣಿದು ನೀರು ನಿಲ್ಲುತ್ತದೆ, ಅದೂ ಒತ್ತಡ ಏರಿಸುತ್ತದೆ. ಬಾಟಲಿಯಲ್ಲೂ ನೀರಿನ ಮಟ್ಟ ಮೆಲ್ಲಗೆ ಮೇಲೇರಿ 5 ಇದ್ದದ್ದು 7 ಆಗಬಹುದು. ಹೆಚ್ಚು ಒತ್ತಡ ನಿರುಪದ್ರವಿ ಏನಲ್ಲ. 25ರಿಂದ 28 ವಾರಕ್ಕೆ ಹುಟ್ಟಿದ 610 ಶಿಶುಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 8 ಸೆಂ.ಮೀ. ಸಿಪ್ಯಾಪ್‌ನಿಂದ ಆರಂಭಿಸಿದ ಗುಂಪಿನ ಶೇ 9ರಷ್ಟು ಮಕ್ಕಳಿಗೆ ಶ್ವಾಸಕೋಶದಿಂದ ಗಾಳಿ ಸೋರಿ ಎದೆಗೂಡಿಗೆ ತುಂಬಿಕೊಂಡಿತು. ವೆಂಟಿಲೇಟರ್‌ಗಾಗಿ ಮೊದಲೇ ಗಂಟಲಿಗೆ ಕೊಳವೆ ಹಾಕಿದವರಲ್ಲಿ ಇದು ಶೇ 3. ಅದೇ ಹೊತ್ತಿಗೆ, ಸಿಪ್ಯಾಪ್ ಗುಂಪಿನ ಅರ್ಧಕ್ಕಿಂತ ಹೆಚ್ಚು ಮಕ್ಕಳು ಮೊದಲ ಐದು ದಿನ ಕೊಳವೆಯಿಲ್ಲದೆ ಕಳೆದವು ಎಂಬುದೂ ಅಲ್ಲೇ ಇದೆ. ಎರಡನ್ನೂ ಒಟ್ಟಿಗೆ ಓದಬೇಕು.

ಮೂಗಿನ ವಿಷಯ ಸಣ್ಣದೆನಿಸುತ್ತದೆ. ಪ್ರಾಂಗ್ ಹೊಳ್ಳೆಯನ್ನು ತುಂಬಬೇಕು, ಆದರೆ ಚರ್ಮ ಬಿಳಿಚಬಾರದು. ಮೂಗಿನ ನಡುಗೋಡೆಗೂ ಪ್ರಾಂಗ್‌ನ ಅಡ್ಡಪಟ್ಟಿಗೂ ನಡುವೆ ಸುಮಾರು 2 ಮಿ.ಮೀ. ಜಾಗ ಇರಲೇಬೇಕು. ಪ್ರಾಂಗ್ ಹಿಡಿದಿಡುವ ಟೋಪಿ ಸಡಿಲವಾಗಿ ಪ್ರಾಂಗ್ ಮೇಲಕ್ಕೆ ಒತ್ತಿಕೊಂಡರೆ ನಡುಗೋಡೆ ಮೊದಲು ಕೆಂಪಾಗುತ್ತದೆ, ಆಮೇಲೆ ಕಪ್ಪಾಗುತ್ತದೆ. ಕಪ್ಪಾದ ಮೇಲೆ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ. ಗಾಳಿ ಹೊಟ್ಟೆಗೂ ಇಳಿಯುವುದರಿಂದ ಬಾಯಿಯ ಮೂಲಕ ಜಠರಕ್ಕೆ ತೆಳು ನಳಿಕೆ ಹಾಕಿ ಅದರ ಹೊರತುದಿಯನ್ನು ತೆರೆದಿಡಬೇಕು.

ಇನ್ನು ಆಮ್ಲಜನಕ. ಬ್ಲೆಂಡರ್ ಇಲ್ಲದ ಕಡೆ ಸಿಲಿಂಡರ್‌ನಿಂದ ಶುದ್ಧ ಆಮ್ಲಜನಕವನ್ನೇ ಹರಿಸುವುದು ಅಪಾಯಕರ. ರಕ್ತದಲ್ಲಿ ಅದರ ಪ್ರಮಾಣ ಮಿತಿ ಮೀರಿದರೆ ಬೆಳೆಯುತ್ತಿರುವ ರೆಟಿನಾದ ರಕ್ತನಾಳಗಳು ಹಾದಿ ತಪ್ಪುತ್ತವೆ, ಮಗು ಬದುಕಿಯೂ ದೃಷ್ಟಿ ಕಳೆದುಕೊಳ್ಳಬಹುದು. ಹೆಚ್ಚುವರಿ ಆಮ್ಲಜನಕ ಪಡೆಯುತ್ತಿರುವ, ದಿನ ತುಂಬದ ಮಗುವಿನ ಸ್ಯಾಚುರೇಷನ್ (ರಕ್ತದಲ್ಲಿನ ಆಮ್ಲಜನಕದ ಮಟ್ಟ) ಶೇ 90ರಿಂದ 95ರೊಳಗೆ ಇರಬೇಕು. 100 ತೋರಿಸುವ ಮಾನಿಟರ್ ಕಂಡು ಖುಷಿಪಡುವಂತಿಲ್ಲ. ಬ್ಲೆಂಡರ್ ಇಲ್ಲದಿದ್ದರೆ, ಹರಿವು ಅಳೆಯುವ ಎರಡು ಫ್ಲೋ ಮೀಟರ್ ಇದ್ದರೂ ಬೆರೆಸಬಹುದು: 6 ಲೀಟರ್ ಗಾಳಿಗೆ 2 ಲೀಟರ್ ಆಮ್ಲಜನಕ ಸೇರಿಸಿದರೆ ಮಿಶ್ರಣದಲ್ಲಿ ಆಮ್ಲಜನಕ ಸುಮಾರು ಶೇ 41. ಸಿಪ್ಯಾಪ್ ಒತ್ತಡ 6 ಸೆಂ.ಮೀ. ಇದ್ದೂ ಶೇ 30ಕ್ಕಿಂತ ಹೆಚ್ಚು ಆಮ್ಲಜನಕ ಬೇಡುವ ಮಗುವಿಗೆ ಸರ್ಫ್ಯಾಕ್ಟೆಂಟ್ ಕೊಡುವ ಯೋಚನೆ ಮಾಡಬೇಕು. ಈಗ ಅದನ್ನೂ, ಮಗು ತಾನೇ ಉಸಿರಾಡುತ್ತಿರುವಾಗಲೇ, ತೆಳು ನಳಿಕೆಯಿಂದ ಶ್ವಾಸನಾಳಕ್ಕೆ ಇಳಿಸುವ ವಿಧಾನ ಬಂದಿದೆ.

ಹೊಸ ಶಿಶು ಘಟಕದ ಉದ್ಘಾಟನೆಯ ಸುದ್ದಿ ಬರೆಯುವಾಗ ನಿಮ್ಮ ವರದಿಗಾರರು ಯಂತ್ರಗಳ ಸಂಖ್ಯೆಯ ಜೊತೆಗೆ ಇಷ್ಟನ್ನು ಕೇಳಲಿ: ಪ್ರತಿ ಸಿಪ್ಯಾಪ್‌ಗೂ ಬ್ಲೆಂಡರ್ ಇದೆಯೇ? ಪ್ರಾಂಗ್ ಎಷ್ಟು ಅಳತೆಗಳಲ್ಲಿ ಇವೆ? ರಾತ್ರಿ ಪಾಳಿಯಲ್ಲಿ ಒಬ್ಬ ದಾದಿಯ ಪಾಲಿಗೆ ಎಷ್ಟು ಮಕ್ಕಳು?

— ನವಜಾತ ಶಿಶು ತೀವ್ರ ನಿಗಾ ಘಟಕದ ವೈದ್ಯರು ಮತ್ತು ದಾದಿಯರು