ಹಲ್ಲಿನ ದಂಡ ರದ್ದಾಯಿತು ಅಪ್ಪ

ರೆಡಿಂಗ್, ಇಂಗ್ಲೆಂಡ್
14 ನವೆಂಬರ್ 2025

ತೀರ್ಥರೂಪು ಅಪ್ಪನವರಿಗೆ,

ನಿಮ್ಮ ಮಗಳ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ಪಾಪು ಚೆನ್ನಾಗಿದ್ದಾನೆ, ರಾತ್ರಿ ಮಾತ್ರ ಮಲಗೋಕೆ ಬಿಡೋದಿಲ್ಲ.

ಮೊದಲು ಮುಖ್ಯ ವಿಷಯ. ಹಲ್ಲು ತುಂಬಿಸಿಕೊಂಡು ದುಡ್ಡು ಕಟ್ಟಿಲ್ಲ ಅಂತ ಇಲ್ಲಿಯವರು ನನಗೆ ಹಾಕಿದ್ದ ದಂಡ ಪೂರ್ತಿ ರದ್ದಾಯಿತು. ಒಂದು ಪೈಸೆಯೂ ಕಟ್ಟಬೇಕಾಗಿಲ್ಲ. ತಮ್ಮ ಅರ್ಧಂಬರ್ಧ ಹೇಳಿ ನಿಮ್ಮನ್ನು ಹೆದರಿಸಿದ ಅಂತ ಅಮ್ಮ ಹೇಳಿದಳು. "ಕಟ್ಟಿ ಕೈತೊಳೆದುಕೊಳ್ಳಲಿ, ಪರದೇಶದಲ್ಲಿ ಸರಕಾರದ ಜೊತೆ ಜಗಳ ಯಾಕೆ" ಅಂದಿರಂತೆ. ಯಾಕೆ ಕಟ್ಟಲಿಲ್ಲ ಅಂತ ಬರೆಯುತ್ತೇನೆ. ತಾಲ್ಲೂಕು ಕಚೇರಿಯಲ್ಲಿ ಫೈಲು ನೋಡಿದವರು ನೀವು, ಬೇಗ ಅರ್ಥವಾಗುತ್ತದೆ.

ಇಂಗ್ಲೆಂಡಿನಲ್ಲಿ ಡಾಕ್ಟರಿಗೆ ದುಡ್ಡು ಕೊಡಬೇಕಾಗಿಲ್ಲ ಅಂತ ನೀವು ಎಲ್ಲರಿಗೂ ಹೇಳುತ್ತೀರಿ, ಅಲ್ವಾ? ಹಲ್ಲಿಗೆ ಕೊಡಬೇಕು. ಎನ್‌ಎಚ್‌ಎಸ್, ಅಂದರೆ ಇಲ್ಲಿಯ ಸರಕಾರಿ ಆರೋಗ್ಯ ಸೇವೆಯ 2025ರ ದರದಲ್ಲೇ ಬರೀ ತಪಾಸಣೆಗೆ 27.40 ಪೌಂಡ್, ಹುಳುಕು ತೆಗೆದು ತುಂಬಿಸಿದರೆ 75.30, ಕ್ಯಾಪ್ ಅಥವಾ ಹಲ್ಲು ಸೆಟ್ಟಿಗೆ 326.70. ಇನ್ನೂ 18 ತುಂಬದವರಿಗೆ, ಕೆಲವು ಸರಕಾರಿ ನೆರವು ಪಡೆಯುವವರಿಗೆ, ಬಸುರಿಯರಿಗೆ, ಹೆರಿಗೆಯಾಗಿ ವರ್ಷ ತುಂಬದ ತಾಯಂದಿರಿಗೆ ಪುಕ್ಕಟೆ. ನನ್ನದು ಈ ಕೊನೆಯ ಲೆಕ್ಕ. ಬಸುರಿಯಾಗಿದ್ದಾಗಲೇ ಮಿಡ್‌ವೈಫ್ ಅರ್ಜಿ ಹಾಕಿ ವಿನಾಯಿತಿ ಸರ್ಟಿಫಿಕೇಟ್ ತರಿಸಿಕೊಟ್ಟಿದ್ದರು. ದವಡೆ ಹಲ್ಲು ತುಂಬಿಸಿಕೊಂಡಾಗ ಅದನ್ನು ತೋರಿಸಿಯೇ, ನನಗೆ ಪುಕ್ಕಟೆ ಅಂತ ಫಾರಂಗೆ ಸಹಿ ಹಾಕಿದ್ದು.

ಆಮೇಲೆ ಬೇರೊಂದು ಕಚೇರಿಯವರು ಫಾರಂ ಮತ್ತು ಸರ್ಟಿಫಿಕೇಟಿನ ವಿವರ ಕಂಪ್ಯೂಟರಿನಲ್ಲಿ ತಾಳೆ ನೋಡುತ್ತಾರೆ. ಎಡವಟ್ಟಾಗಿದ್ದು ಅಲ್ಲಿ. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗದಲ್ಲಿ ನಿಮ್ಮ ಹೆಸರಿದೆ. ಸರ್ಟಿಫಿಕೇಟಿನಲ್ಲೂ ಅದೇ. ಹಲ್ಲಿನ ಕ್ಲಿನಿಕ್ಕಿನವರು ಮಾತ್ರ ನಿಮ್ಮ ಅಳಿಯಂದಿರ ಸರ್‌ನೇಮನ್ನೇ ನನಗೂ ಹಾಕಿದ್ದಾರೆ. ಅವರ ಸರ್‌ನೇಮ್ ಅಂದರೆ ಮಾವನವರ ಹೆಸರು! ಹೀಗೆ ಹಲ್ಲಿನ ದಾಖಲೆಯಲ್ಲಿ ನಾನು ಮಾವನವರ ಮಗಳಾಗಿಬಿಟ್ಟೆ. ಆಧಾರ್‌ನಲ್ಲಿ ಒಂದು ಹೆಸರು, ಪಹಣಿಯಲ್ಲಿ ಇನ್ನೊಂದು ಇದ್ದರೆ ನಿಮ್ಮ ಕಚೇರಿಯಲ್ಲಿ ಏನಾಗುತ್ತಿತ್ತೋ ಇಲ್ಲೂ ಅದೇ ಆಯಿತು.

ಮೊದಲು ವಿಚಾರಿಸಿ ಒಂದು ಪತ್ರ ಕಳಿಸಿದ್ದರಂತೆ, ಅದು ನಮಗೆ ತಲುಪಲೇ ಇಲ್ಲ. ಬಂದದ್ದು ನೇರ ದಂಡದ ನೋಟಿಸ್. ಚಿಕಿತ್ಸೆಯ 75.30, ಅದರ ಕೆಳಗೆ ದಂಡ 100, ಒಟ್ಟು 175.30 ಪೌಂಡ್. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 20 ಸಾವಿರ ರೂಪಾಯಿ. ದಂಡ ಅಂದರೆ ಚಿಕಿತ್ಸೆಯ ದರದ ಐದು ಪಟ್ಟು, ಆದರೆ 100 ಪೌಂಡ್ ದಾಟುವ ಹಾಗಿಲ್ಲ. ಇಪ್ಪತ್ತೆಂಟು ದಿನದೊಳಗೆ ಕಟ್ಟದಿದ್ದರೆ ಮೇಲೆ ಇನ್ನೂ 50ರವರೆಗೆ ಸೇರಿಸಬಹುದು. ಅಳಿಯಂದಿರೂ ನಿಮ್ಮ ಹಾಗೇ, "ಕಟ್ಟಿಬಿಡೋಣ, ತಲೆನೋವು ಬೇಡ" ಅಂದರು.

ನನಗೆ ಮನಸ್ಸು ಬರಲಿಲ್ಲ. ದುಡ್ಡಿಗಿಂತ ಹೆಚ್ಚಾಗಿ, ಸುಳ್ಳು ಹೇಳಿ ಸಹಿ ಹಾಕಿದೆ ಅಂತ ನಾನೇ ಒಪ್ಪಿಕೊಂಡ ಹಾಗಾಗುತ್ತಿತ್ತು. 2019ರಲ್ಲಿ ಇಲ್ಲಿಯ ನ್ಯಾಷನಲ್ ಆಡಿಟ್ ಆಫೀಸ್, ನಮ್ಮ ಸಿಎಜಿ ತರಹದ್ದು, ಇದರ ಬಗ್ಗೆಯೇ ವರದಿ ಕೊಟ್ಟಿದೆ. 2014ರಿಂದ ಅಲ್ಲಿಯವರೆಗೆ ಔಷಧಿ, ಹಲ್ಲು ಎರಡೂ ಸೇರಿ 56 ಲಕ್ಷ ನೋಟಿಸ್ ಹೋಗಿದ್ದವು. ಅದರಲ್ಲಿ 17 ಲಕ್ಷ ವಾಪಸ್! ಜನ ತಕರಾರು ಮಾಡಿದ ಮೇಲೆ ನೋಡಿದರೆ ಅವರಿಗೆ ನಿಜವಾಗಿಯೂ ವಿನಾಯಿತಿ ಇತ್ತು. ಸುಮ್ನೆ ಕಟ್ಟಿದವರು ಎಷ್ಟು ಜನರೋ.

ನೋಟಿಸಿನ ನಂಬರ್ ಹಾಕಿ ಅರ್ಧ ಪುಟ ಬರೆದೆ. ಸಿಟ್ಟು, ಗೋಳು ಏನೂ ಇಲ್ಲ. ಚಿಕಿತ್ಸೆಯ ದಿನ ಇದು, ಸರ್ಟಿಫಿಕೇಟ್ ಚಾಲ್ತಿಯಲ್ಲಿದ್ದ ಅವಧಿ ಇದು, ಎರಡು ಹೆಸರಿನವಳೂ ನಾನೇ, ಹುಟ್ಟಿದ ದಿನ ಮತ್ತು ವಿಳಾಸ ಒಂದೇ, ಅಷ್ಟೇ. ಸರ್ಟಿಫಿಕೇಟ್, ಪಾಸ್‌ಪೋರ್ಟ್, ಪಾಪುವಿನ ಜನನ ಪತ್ರದ ಜೆರಾಕ್ಸ್ ಜೊತೆಗಿಟ್ಟು ಕಳಿಸಿದೆ. ಚಿಕಿತ್ಸೆಯ ದುಡ್ಡು, ದಂಡ ಎರಡನ್ನೂ ಕೈಬಿಟ್ಟಿದ್ದೇವೆ ಅಂತ ಮೊನ್ನೆ ಉತ್ತರ ಬಂತು. ಕ್ಷಮಿಸಿ ಅನ್ನೋ ಒಂದು ಮಾತೂ ಇಲ್ಲ, ಬಿಡಿ.

ಎಲ್ಲರ ಕೇಸೂ ಇಷ್ಟು ಸಲೀಸಲ್ಲ. ಇಲ್ಲಿ ಪರಿಚಯದ ಒಬ್ಬರು ಕನ್ನಡದ ಆಂಟಿಗೆ ಸಕ್ಕರೆ ಕಾಯಿಲೆ, ಅದರ ವಿನಾಯಿತಿ ಸರ್ಟಿಫಿಕೇಟ್ ಇದೆ. ಅದು ನಡೆಯುವುದು ಔಷಧಿಗೆ ಮಾತ್ರ, ಹಲ್ಲಿಗಲ್ಲ. ವಯಸ್ಸು 60 ದಾಟಿದರೂ ಅಷ್ಟೇ. ಅವರು ಪಾಪ ಅದನ್ನು ನಂಬಿ ಸಹಿ ಹಾಕಿದ್ದಾರೆ. ಚಿಕಿತ್ಸೆಯ ದುಡ್ಡಂತೂ ಕಟ್ಟಲೇಬೇಕು. ಬೇಕಂತ ಮಾಡಿದ್ದಲ್ಲ, ಉದಾಸೀನವೂ ಅಲ್ಲ ಅಂತ ತೋರಿಸಿಕೊಟ್ಟರೆ ದಂಡ ಬಿಡಬೇಕು ಅಂತ ಕಾನೂನಿನಲ್ಲಿದೆ. ಅವರ ಪತ್ರವನ್ನೂ ನಾನೇ ಬರೆದುಕೊಟ್ಟಿದ್ದೇನೆ, ಉತ್ತರ ಇನ್ನೂ ಬಂದಿಲ್ಲ.

ಅಂದ ಹಾಗೆ, ತಮ್ಮ ಪಾಸ್‌ಪೋರ್ಟಿಗೆ ಅರ್ಜಿ ಹಾಕುತ್ತಾನಂತೆ. ಅವನ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಮುಂದಿದೆ, ಆಧಾರ್‌ನಲ್ಲಿ ಹಿಂದಿದೆ. ಮೊದಲು ಅದನ್ನು ಒಂದೇ ಥರ ಮಾಡಿಸಿ, ಆಮೇಲೆ ಅರ್ಜಿ ಹಾಕಲಿ. ಅಮ್ಮನಿಗೆ ಈ ಪತ್ರ ಓದಿ ಹೇಳಿ.

ಇಂತಿ ನಿಮ್ಮ ಮಗಳು