ಜೈಲು ಅಧೀಕ್ಷಕರಾಗಲು ಒಂದು ಪರೀಕ್ಷೆ ಸಾಲದು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಉದ್ಯೋಗ ಪುರವಣಿಯಲ್ಲಿ ಇತ್ತೀಚೆಗೆ ಓದುಗರೊಬ್ಬರು, ಕೇಂದ್ರ ಕಾರಾಗೃಹದ ಅಧೀಕ್ಷಕರಾಗಲು ಏನು ಓದಬೇಕು, ಯಾವ ಪರೀಕ್ಷೆ ಬರೆಯಬೇಕು ಎಂದು ಕೇಳಿದ್ದರು. ಪದವಿ, ವಯೋಮಿತಿ, ದೇಹದಾರ್ಢ್ಯ, ಸ್ಪರ್ಧಾತ್ಮಕ ಪರೀಕ್ಷೆ ಎಂದು ನಾಲ್ಕೇ ಸಾಲಿನಲ್ಲಿ ಉತ್ತರ ಮುಗಿದಿತ್ತು. ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಸಹಾಯಕ ಜೈಲರ್ ಆಗಿ ಸೇರಿ, ಅಧೀಕ್ಷಕನಾಗಿ ನಿವೃತ್ತನಾದ ನನಗೆ, ಆ ಹುದ್ದೆಯ ಬಗ್ಗೆ ಸಮಾಜಕ್ಕೂ ಸರ್ಕಾರಕ್ಕೂ ಇರುವ ತಿಳಿವಳಿಕೆ ಆ ನಾಲ್ಕು ಸಾಲಿನಷ್ಟೇ ಎನ್ನಿಸಿತು. ಅದಕ್ಕಾಗಿ ಈ ಪತ್ರ.

ಕಾರಾಗೃಹವು ಸಂವಿಧಾನದ ಏಳನೇ ಅನುಸೂಚಿಯಲ್ಲಿ ರಾಜ್ಯ ಪಟ್ಟಿಗೆ ಸೇರಿದ ವಿಷಯ. ಆದ್ದರಿಂದ ಈ ಹುದ್ದೆಗೆ ರಾಜ್ಯಕ್ಕೊಂದು ದಾರಿ. ಉತ್ತರ ಪ್ರದೇಶದಲ್ಲಿ ರಾಜ್ಯ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ಗೆದ್ದವರು ನೇರವಾಗಿ ಜೈಲು ಅಧೀಕ್ಷಕರಾಗಲು ಅವಕಾಶವಿದೆ. ನಮ್ಮಲ್ಲಿ ನನ್ನಂತಹ ಅನೇಕರು ಜೈಲರ್ ಹಂತದಲ್ಲೋ ಅದಕ್ಕಿಂತ ಕೆಳಗೋ ಸೇರಿ, ಸಹಾಯಕ ಅಧೀಕ್ಷಕ, ಅಧೀಕ್ಷಕ, ಮುಖ್ಯ ಅಧೀಕ್ಷಕ ಎಂಬ ಮೆಟ್ಟಿಲುಗಳನ್ನು ವರ್ಷಗಟ್ಟಲೆ ಹತ್ತಿದವರು. ಇಲಾಖೆಯ ಮುಖ್ಯಸ್ಥರ ಸ್ಥಾನದಲ್ಲಿ ಮಾತ್ರ ಐಪಿಎಸ್ ಅಧಿಕಾರಿ ಇರುತ್ತಾರೆ. 2025ರ ನವೆಂಬರಿನಲ್ಲಿ ಪರಪ್ಪನ ಅಗ್ರಹಾರದ ಬಂದಿಗಳ ಕೈಯಲ್ಲಿ ಮೊಬೈಲ್ ಇದ್ದ ವಿಡಿಯೊಗಳು ಹೊರಬಿದ್ದ ಮೇಲೆ, ಆ ಕಾರಾಗೃಹದ ಹೊಣೆಯನ್ನೂ ಐಪಿಎಸ್ ಅಧಿಕಾರಿಗೇ ವಹಿಸುವ ತೀರ್ಮಾನ ಹೊರಬಂದಿತು.

ಇಂತಹ ತೀರ್ಮಾನ ಇತಿಹಾಸದಲ್ಲಿ ಹೊಸದಲ್ಲ. 1894ರ ಕಾರಾಗೃಹ ಅಧಿನಿಯಮದ ಆರನೇ ಕಲಂ ಓದಿದರೆ, ಪ್ರತಿ ಜೈಲಿಗೂ ಒಬ್ಬ ಅಧೀಕ್ಷಕ, ಒಬ್ಬ ವೈದ್ಯಾಧಿಕಾರಿ ಇರಬೇಕೆಂದೂ, ಆ ವೈದ್ಯಾಧಿಕಾರಿಯೇ ಅಧೀಕ್ಷಕನೂ ಆಗಬಹುದೆಂದೂ ಹೇಳಿರುವುದು ಕಾಣುತ್ತದೆ. ಬ್ರಿಟಿಷರ ಕಾಲದಲ್ಲಿ ದೊಡ್ಡ ಜೈಲುಗಳ ಅಧೀಕ್ಷಕರಲ್ಲಿ ಬಹಳ ಮಂದಿ ಇಂಡಿಯನ್ ಮೆಡಿಕಲ್ ಸರ್ವಿಸ್‌ನ ವೈದ್ಯರಾಗಿದ್ದರು. ಆಗ ಜೈಲೆಂದರೆ ಕಾಲರಾ ಮತ್ತು ಆಮಶಂಕೆಯಿಂದ ಸಾಲುಸಾಲಾಗಿ ಸಾಯುವ ಜಾಗವಾಗಿತ್ತು. ಜೈಲಿನಲ್ಲಿ ಯಾವುದಕ್ಕೆ ಹೆದರುತ್ತೇವೋ ಅದನ್ನು ಬಲ್ಲವರನ್ನು ಕುರ್ಚಿಯಲ್ಲಿ ಕೂರಿಸುವುದು ಸರ್ಕಾರಗಳ ಹಳೆಯ ರೂಢಿ. ಅಂದು ರೋಗದ ಭಯವಿತ್ತು, ವೈದ್ಯರು ಬಂದರು. ಇಂದು ಮೊಬೈಲಿನ ಭಯವಿದೆ, ಪೊಲೀಸರು ಬರುತ್ತಿದ್ದಾರೆ. ಒಳಗಿರುವ ಮನುಷ್ಯನ ಕಡತ ಎಲ್ಲಿ ಸಿಕ್ಕಿಕೊಂಡಿದೆ ಎಂಬ ಭಯ ಯಾರಿಗೂ ಬಿದ್ದಿಲ್ಲ.

ಈ ಕಡತದ ಮಾತನ್ನು ಸ್ವಲ್ಪ ವಿವರಿಸಬೇಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಮಂದಿ ಇದ್ದರು. ಇದ್ದ ಜಾಗ 4,36,266 ಮಂದಿಗೆ. ಅವರಲ್ಲಿ ನಾಲ್ವರಲ್ಲಿ ಮೂವರು ವಿಚಾರಣಾಧೀನ ಬಂದಿಗಳು, ಅಂದರೆ ಅಪರಾಧ ಸಾಬೀತಾಗದವರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನಂತೆ, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಒಳಪಡದ ಆರೋಪ ಹೊತ್ತವನು ಆ ಅಪರಾಧದ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಅವಧಿಯನ್ನು ಒಳಗೇ ಕಳೆದಿದ್ದರೆ, ಹಿಂದೆಂದೂ ಶಿಕ್ಷೆಯಾಗದವನಾದರೆ ಮೂರನೇ ಒಂದರಷ್ಟನ್ನು ಕಳೆದಿದ್ದರೆ, ಅವನ ಬಿಡುಗಡೆಗಾಗಿ ನ್ಯಾಯಾಲಯಕ್ಕೆ ತಡಮಾಡದೆ ಲಿಖಿತ ಅರ್ಜಿ ಸಲ್ಲಿಸಬೇಕಾದವರು ಜೈಲಿನ ಅಧೀಕ್ಷಕರು. ವಕೀಲರೂ ಅಲ್ಲ, ಬಂಧುಗಳೂ ಅಲ್ಲ, ಅಧೀಕ್ಷಕರು. ಅದಕ್ಕೂ ಹಿಂದಿದ್ದ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅರ್ಧ ಅವಧಿಯ ನಿಯಮವಿತ್ತಾದರೂ ಈ ಹೊಣೆಯನ್ನು ಅದು ಅಧೀಕ್ಷಕರ ಹೆಗಲಿಗೆ ಹಾಕಿರಲಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು, ಸಂಹಿತೆ ಜಾರಿಯಾಗುವ ಮೊದಲೇ ಒಳಗಿದ್ದವರಿಗೂ ಇದು ಅನ್ವಯಿಸುತ್ತದೆಂದು ಹೇಳಿತು. ಅದಕ್ಕೂ ಮೊದಲು, 2023ರ ಜನವರಿಯಲ್ಲಿ ಅದೇ ನ್ಯಾಯಾಲಯವು ಜಾಮೀನು ಆದೇಶದ ಪ್ರತಿಯನ್ನು ಅದೇ ದಿನ ಇಲ್ಲವೇ ಮರುದಿನ ಜೈಲು ಅಧೀಕ್ಷಕರ ಮೂಲಕ ಬಂದಿಗೆ ತಲುಪಿಸಬೇಕೆಂದೂ, ಜಾಮೀನಾಗಿ ಏಳು ದಿನದೊಳಗೆ ಬಂದಿ ಹೊರಬೀಳದಿದ್ದರೆ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕೆಂದೂ ನಿರ್ದೇಶಿಸಿತ್ತು.

ನನ್ನ ಸೇವೆಯ ಆರಂಭದಲ್ಲಿ ಇಂತಹ ಯಾವ ನಿರ್ದೇಶನವೂ ಇರಲಿಲ್ಲ. ವಾರದ ಪರೇಡಿನಲ್ಲಿ ಬಂದಿಗಳು ತಮ್ಮ ತಮ್ಮ ಹಿಸ್ಟರಿ ಟಿಕೆಟ್, ಅಂದರೆ ಬಂದಿಯ ಪ್ರಕರಣದ ವಿವರ ಬರೆದ ಚೀಟಿ, ಹಿಡಿದು ಸಾಲಾಗಿ ನಿಲ್ಲುತ್ತಿದ್ದರು. ಅಧೀಕ್ಷಕರು ಒಬ್ಬೊಬ್ಬರ ಮುಂದೆಯೂ ನಿಂತು ಕೇಳಬೇಕು, ನಾವು ಹಿಂದಿನಿಂದ ಪುಸ್ತಕ ಹಿಡಿದು ನಡೆಯಬೇಕು. ಒಮ್ಮೆ ಸಾಲಿನ ಕೊನೆಯಲ್ಲಿ ನಡುವಯಸ್ಸಿನವನೊಬ್ಬ ತಲೆ ತಗ್ಗಿಸಿ ನಿಂತಿದ್ದ. ದೂರೇನಾದರೂ ಇದೆಯೇ ಎಂದು ಸಾಹೇಬರು ಕೇಳಿದರು; ಇಲ್ಲವೆಂದ. ಅವರು ಮುಂದೆ ಹೋಗುವಷ್ಟರಲ್ಲಿ ಮುಖ್ಯ ವಾರ್ಡರ್ ನನ್ನ ಕಿವಿಯಲ್ಲಿ, ‘ಸಾರ್, ಇವನಿಗೆ ಜಾಮೀನಾಗಿ ಎರಡು ತಿಂಗಳಾಯ್ತು, ಜಾಮೀನು ನಿಲ್ಲೋರು ಯಾರೂ ಇಲ್ಲ’ ಎಂದರು. ತಾನು ಬಿಡುಗಡೆಗೆ ಅರ್ಹನಾಗಿದ್ದೇನೆ ಎಂಬುದು ಆ ಮನುಷ್ಯನಿಗೆ ಸರಿಯಾಗಿ ಗೊತ್ತೇ ಇರಲಿಲ್ಲ. ನಮ್ಮ ಪುಸ್ತಕದಲ್ಲಿ ಅವನು ಪ್ರತಿ ಸಂಜೆಯ ಎಣಿಕೆಗೆ ಸರಿಯಾಗಿ ಸೇರುವ ಒಂದು ಅಂಕಿಯಾಗಿದ್ದ, ಅಷ್ಟೇ. ಎಣಿಕೆ ಸರಿಹೋದರೆ ಜೈಲು ಸರಿಯಿದೆ ಎಂದು ನಂಬಿದ್ದ ನಾನು ಅಂದಿನಿಂದ ಟಿಕೆಟ್ಟುಗಳನ್ನು ಓದಲು ಕಲಿತೆ. ಕಲಿಸಿದ್ದು ಮೇಲಧಿಕಾರಿಯಲ್ಲ, ಹತ್ತನೇ ತರಗತಿ ದಾಟದ ಮುಖ್ಯ ವಾರ್ಡರ್.

ಬೆಂಗಳೂರಿನ ಜೈಲಿಗೆ ಸಂಬಂಧಿಸಿದ ಇನ್ನೊಂದು ಸಂಗತಿಯನ್ನು ಈ ಹುದ್ದೆ ಬಯಸುವವರು ಅರಿತಿರಬೇಕು. ಬೆಂಗಳೂರು ಕೇಂದ್ರ ಕಾರಾಗೃಹದ ಬಂದಿಯೊಬ್ಬರು ಒಳಗಿನ ಸ್ಥಿತಿ ವಿವರಿಸಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಬರೆದ ಪತ್ರದಿಂದಲೇ ರಾಮಮೂರ್ತಿ ಪ್ರಕರಣ ಹುಟ್ಟಿತು. 1996ರ ತೀರ್ಪಿನಲ್ಲಿ ನ್ಯಾಯಾಲಯ ಜೈಲುಗಳ ಒಂಬತ್ತು ಸಮಸ್ಯೆಗಳನ್ನು ಗುರುತಿಸಿತು. ಕಿಕ್ಕಿರಿದ ಬ್ಯಾರಕ್ಕು, ವಿಚಾರಣೆಯ ವಿಳಂಬ, ಹಿಂಸೆ, ಆರೋಗ್ಯದ ಕಡೆಗಣನೆ, ಕಳಪೆ ಊಟ ಎಲ್ಲವೂ ಅದರಲ್ಲಿವೆ. ತನ್ನ ಮೇಲೆಯೇ ದೂರಿರುವ ಪತ್ರವನ್ನೂ ತಡೆಯದೆ ನ್ಯಾಯಾಲಯಕ್ಕೆ ಕಳುಹಿಸಬೇಕಾದ ಅಧಿಕಾರಿ ಅಧೀಕ್ಷಕನಲ್ಲದೆ ಬೇರೆ ಇಲಾಖೆಗಳಲ್ಲಿ ಎಷ್ಟು ಜನ ಸಿಕ್ಕಾರು? ಅದಕ್ಕೆ ಬೇಕಾದ ಗಟ್ಟಿತನ ಯಾವ ಪ್ರಶ್ನೆಪತ್ರಿಕೆಯಲ್ಲೂ ಅಳತೆಗೆ ಸಿಗುವಂಥದ್ದಲ್ಲ.

ಐಪಿಎಸ್ ಅಧಿಕಾರಿಗಳು ಬರಲೇಬಾರದೆಂದು ನನ್ನ ವಾದವಲ್ಲ. 1993ರಿಂದ ಸುಮಾರು ಎರಡು ವರ್ಷ ತಿಹಾರದ ಮುಖ್ಯಸ್ಥರಾಗಿದ್ದ ಕಿರಣ್ ಬೇಡಿಯವರೂ ಪೊಲೀಸ್ ಸೇವೆಯಿಂದಲೇ ಬಂದವರು. ಅಲ್ಲಿ ಶಿಕ್ಷಣ ಮತ್ತು ಧ್ಯಾನದ ತರಗತಿಗಳನ್ನು ನಡೆಸಿದ ಕೆಲಸವನ್ನು ಜೈಲಿನವರಾದ ನಾವೂ ಬೆರಗಿನಿಂದ ನೋಡಿದೆವು. ಆದರೆ ಹಿಡಿಯುವವರ ಕೈಗೇ ಕಾಯುವ ಕೆಲಸವನ್ನೂ ಕೊಡುವಾಗ ಒಂದು ಎಚ್ಚರ ಬೇಕಾಗುತ್ತದೆ. ಠಾಣೆಯಲ್ಲಿ ಆರೋಪಿಯನ್ನು ನೋಡುವ ಕಣ್ಣು ಬೇರೆ, ಹತ್ತು ವರ್ಷ ಒಂದೇ ಆವರಣದಲ್ಲಿ ಅವನ ಜೊತೆ ಇರಬೇಕಾದವರ ಕಣ್ಣು ಬೇರೆ. ಎರಡು ವರ್ಷಕ್ಕೆ ಬಂದು ಹೋಗುವವರಿಗೆ ಈ ಎರಡನೆಯ ದೃಷ್ಟಿ ಕೂಡಿಬರುವ ಹೊತ್ತಿಗೆ ವರ್ಗಾವಣೆ ಆದೇಶವೂ ಬಂದಿರುತ್ತದೆ.

ನ್ಯಾಯಮೂರ್ತಿ ಮುಲ್ಲಾ ಅವರ ಅಧ್ಯಕ್ಷತೆಯ ಅಖಿಲ ಭಾರತ ಸಮಿತಿ 1983ರಲ್ಲಿ ನೀಡಿದ ವರದಿಯಲ್ಲಿ, ಕಾರಾಗೃಹ ಮತ್ತು ಸುಧಾರಣಾ ಕೆಲಸಕ್ಕೆಂದೇ ಪ್ರತ್ಯೇಕ ಅಖಿಲ ಭಾರತ ಸೇವೆಯೊಂದನ್ನು ಕಟ್ಟಬೇಕೆಂದು ಹೇಳಿತ್ತು. ನಾಲ್ಕು ದಶಕ ದಾಟಿದರೂ ಆ ಸೇವೆ ಬಂದಿಲ್ಲ. 2015ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ನೆಲ್ಸನ್ ಮಂಡೇಲಾ ನಿಯಮಗಳಲ್ಲಿ 79ನೆಯದು, ಜೈಲಿನ ಮುಖ್ಯಸ್ಥರಿಗೆ ಗುಣ, ಆಡಳಿತ ಸಾಮರ್ಥ್ಯ, ತಕ್ಕ ತರಬೇತಿ, ಅನುಭವ ಇರಬೇಕೆಂದು ಹೇಳುತ್ತದೆ. ಅವರು ಪೂರ್ಣಾವಧಿ ಅದೇ ಕೆಲಸದಲ್ಲಿರಬೇಕು, ಜೈಲಿನ ಆವರಣದಲ್ಲೋ ಪಕ್ಕದಲ್ಲೋ ವಾಸಿಸಬೇಕು ಎಂದೂ ಹೇಳುತ್ತದೆ. ತರಬೇತಿಗಾಗಿ ದಕ್ಷಿಣದ ರಾಜ್ಯಗಳು ಸೇರಿ ವೆಲ್ಲೂರಿನಲ್ಲಿ 1979ರಲ್ಲಿ ಕಟ್ಟಿದ ಅಕಾಡೆಮಿ ನಮ್ಮ ಕೈಯಳತೆಯಲ್ಲೇ ಇದೆ. ಹೊಸದಾಗಿ ಯಾವ ಸೇವೆಯಿಂದಲಾದರೂ ಬರುವ ಮುಖ್ಯಸ್ಥರು ಅಲ್ಲಿನ ತರಬೇತಿ ಮುಗಿಸಿಯೇ ಅಧಿಕಾರ ವಹಿಸಿಕೊಳ್ಳಬೇಕೆಂದು, ಮತ್ತು ಕನಿಷ್ಠ ಮೂರು ವರ್ಷ ಅಲ್ಲೇ ಇರಬೇಕೆಂದು ಸರ್ಕಾರ ಲಿಖಿತವಾಗಿ ಆದೇಶಿಸಲಿ. ಇಲಾಖೆಯೊಳಗೇ ಬೆಳೆದ ಅಧಿಕಾರಿಗಳಿಗೂ ಮುಖ್ಯ ಅಧೀಕ್ಷಕರ ಮೇಲಿನ ಹುದ್ದೆಗಳಲ್ಲಿ ನಿಶ್ಚಿತ ಪಾಲು ಇರಲಿ. ಏಣಿಯ ಕೊನೆಯ ಮೆಟ್ಟಿಲು ಬೇರೆಯವರಿಗೆಂದು ಮೊದಲೇ ತಿಳಿದಿದ್ದರೆ, ಚುರುಕಾದ ಹುಡುಗ ಹುಡುಗಿಯರು ಈ ಇಲಾಖೆಯನ್ನು ಏಕೆ ಆರಿಸಿಕೊಂಡಾರು?

ಮೊಬೈಲಿನ ವಿಷಯಕ್ಕೂ ಒಂದು ಮಾತು. ಪ್ರತಿ ಹಗರಣದ ಮರುದಿನ ಅಧೀಕ್ಷಕರೊಬ್ಬರ ಅಮಾನತು ಅಥವಾ ವರ್ಗಾವಣೆ ಸುದ್ದಿಯಾಗುತ್ತದೆ. ತಪ್ಪಿತಸ್ಥರಿಗೆ ಶಿಕ್ಷೆಯಾಗಲಿ, ನಮ್ಮ ಇಲಾಖೆಯಲ್ಲಿ ಕೈ ಕೊಳೆಯಾದವರು ಇಲ್ಲವೆಂದು ನಾನು ಹೇಳಿದರೆ ನನ್ನ ಸಹೋದ್ಯೋಗಿಗಳೇ ನಕ್ಕಾರು. ಆದರೆ 2016ರ ಮಾದರಿ ಕಾರಾಗೃಹ ಕೈಪಿಡಿಯು ಆರು ಬಂದಿಗಳಿಗೆ ಒಬ್ಬ ಕಾವಲು ಸಿಬ್ಬಂದಿ, 200 ಬಂದಿಗಳಿಗೆ ಒಬ್ಬ ಸುಧಾರಣಾ ಅಧಿಕಾರಿ, 500 ಬಂದಿಗಳಿಗೆ ಒಬ್ಬ ಮನೋವಿಜ್ಞಾನಿ ಅಥವಾ ಆಪ್ತಸಮಾಲೋಚಕ ಇರಬೇಕೆನ್ನುತ್ತದೆ. ನಾನು ಕೆಲಸ ಮಾಡಿದ ಒಂದು ಜೈಲಿನ ರಾತ್ರಿ ಪಾಳಿಯಲ್ಲಿ ಇಬ್ಬರು ವಾರ್ಡರ್‌ಗಳು ನೂರಾರು ಮಂದಿಯ ಬ್ಯಾರಕ್ಕುಗಳನ್ನು ಕಾಯುತ್ತಿದ್ದರು. ಅಂತಹ ಕಡೆ ಒಳಗಿನ ಶಿಸ್ತು ಕಾಯುವ ಕೆಲಸ ನಿಧಾನವಾಗಿ ಬಲಿಷ್ಠ ಬಂದಿಗಳ ಕೈಗೇ ಜಾರುತ್ತದೆ; ಆಮೇಲೆ ಬಂದ ಅಧೀಕ್ಷಕರು ಯಾವ ಸೇವೆಯವರಾದರೂ ಅವರನ್ನು ಕೇಳಿಯೇ ಜೈಲು ನಡೆಸಬೇಕಾಗುತ್ತದೆ. ಖಾಲಿ ಹುದ್ದೆ ತುಂಬದೆ ಮುಖ್ಯಸ್ಥರನ್ನು ಬದಲಿಸುವುದು ಬೇಲಿ ಹಾಕದೆ ಕಾವಲುಗಾರನನ್ನು ಬದಲಿಸಿದಂತೆ.

ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚುವುದನ್ನು ಸುಪ್ರೀಂ ಕೋರ್ಟು 2024ರ ಅಕ್ಟೋಬರ್ 3ರಂದು ಅಸಾಂವಿಧಾನಿಕವೆಂದು ಸಾರಿ, ಬಂದಿಗಳ ದಾಖಲೆ ಪುಸ್ತಕಗಳಿಂದ ಜಾತಿಯ ಕಾಲಮನ್ನೇ ತೆಗೆಯಲು ಹೇಳಿತು. ಕೈಪಿಡಿ ತಿದ್ದುವುದು ಸಚಿವಾಲಯದ ಕೆಲಸ. ಕಕ್ಕಸು ತೊಳೆಯುವ ಪಾಳಿಗೆ ಯಾರನ್ನು ಹಾಕಲಾಗಿದೆ, ಅಡುಗೆಮನೆಗೆ ಯಾರನ್ನು ಕರೆಯಲಾಗಿದೆ ಎಂದು ಬೆಳಿಗ್ಗೆ ಆರಕ್ಕೆ ಹೋಗಿ ನೋಡುವುದು ಮಾತ್ರ ಅಧೀಕ್ಷಕರದ್ದು.

ಪ್ರಶ್ನೆ ಕೇಳಿದ ಆ ಓದುಗರಿಗೆ ತಮ್ಮ ಮೂಲಕ ಒಂದು ಸಲಹೆ. ಪರೀಕ್ಷೆಯ ಸಿದ್ಧತೆ ನಡೆಯುತ್ತಿರಲಿ. ಅದರ ಜೊತೆಗೆ ತಮ್ಮ ಊರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅರೆಕಾನೂನು ಸ್ವಯಂಸೇವಕರಾಗಲು ಅರ್ಜಿ ಕೊಡಲಿ. ಆಯ್ಕೆಯಾದವರಿಗೆ ಜೈಲಿನ ಕಾನೂನು ನೆರವು ಕೇಂದ್ರದಲ್ಲಿ ಕುಳಿತು ಬಂದಿಗಳ ಅರ್ಜಿ ಬರೆದುಕೊಡುವ ಅವಕಾಶ ಸಿಗುತ್ತದೆ. ಆರು ತಿಂಗಳು ಆ ಬೆಂಚಿನ ಮೇಲೆ ಕುಳಿತ ಮೇಲೂ ಈ ಹುದ್ದೆ ಬೇಕೆನ್ನಿಸಿದರೆ, ಆಗ ಅವರು ಅರ್ಜಿ ಹಾಕಲಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕಾರಾಗೃಹ ಅಧೀಕ್ಷಕ,
ಧಾರವಾಡ