ಹಣೆಪಟ್ಟಿಯ ಹಾಡು: ಯುವ ಬರಹಗಾರರೊಬ್ಬರಿಗೆ ಪತ್ರ

ಪ್ರಿಯ ಮಿತ್ರರೇ,

ಅಮೆರಿಕದ ಹಳ್ಳಿಗಾಡಿನಲ್ಲಿ ಹುಟ್ಟಿದ ಕಂಟ್ರಿ ಸಂಗೀತದಲ್ಲಿ 'ಕಾನೂನಿಗೆ ಹೊರಗಿನವರು' ಎಂಬ ಹಣೆಪಟ್ಟಿ ಹೊತ್ತ 'ಔಟ್‌ಲಾ' ಗಾಯಕರನ್ನು ಕುರಿತ ನಿಮ್ಮ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಕನ್ನಡದಲ್ಲಿ ಇದು ಯಾರಿಗೆ ಬೇಕು, ಹರಿದು ಹಾಕಲೇ ಎಂದು ಕೇಳಿದ್ದೀರಿ. ಖಂಡಿತ ಬೇಡ. ಎಷ್ಟು ಪುಟವಿರಬೇಕು, ಯಾವ ಪ್ರಕಾಶಕರಿಗೆ ಕಳುಹಿಸಬೇಕು ಎಂಬುದನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರಿದ್ದಾರೆ. ನನ್ನನ್ನು ಕಾಡಿದ್ದು ಬೇರೆ ಸಂಗತಿ: ಗಾಯಕರ ಪ್ರಾಮಾಣಿಕತೆಯನ್ನು ನೀವು ಉದ್ದಕ್ಕೂ ಅವರು ಕಂಡ ಜೈಲು, ಕುಡಿದ ವಿಸ್ಕಿ, ತೊಟ್ಟ ಕರಿ ಅಂಗಿಗಳಿಂದಲೇ ಅಳೆದಿದ್ದೀರಿ.

ಗಾಯಕ ಜಾನಿ ಕ್ಯಾಶ್ ಒಂದು ದಿನವೂ ಜೈಲು ಶಿಕ್ಷೆ ಅನುಭವಿಸಿದವರಲ್ಲ. ಕ್ಯಾಲಿಫೋರ್ನಿಯಾದ ಫೋಲ್ಸಮ್ ಜೈಲಿನ ಹಾಡನ್ನು ಅವರು ಬರೆದದ್ದು ವಾಯುಪಡೆಯ ಕೆಲಸದ ಮೇಲೆ ಜರ್ಮನಿಯಲ್ಲಿದ್ದಾಗ. 1968ರ ಜನವರಿಯಲ್ಲಿ ಅದೇ ಜೈಲಿನೊಳಗೆ ನಿಂತು ಕೈದಿಗಳೆದುರು ಅದನ್ನು ಹಾಡಿದರು. ನಿಜಕ್ಕೂ ಸ್ಯಾನ್ ಕ್ವೆಂಟಿನ್ ಜೈಲಿನಲ್ಲಿದ್ದ ಗಾಯಕ ಮರ್ಲ್ ಹ್ಯಾಗರ್ಡ್, ಹೆಸರು ಬಂದ ಮೇಲೂ ಆ ಸಂಗತಿಯನ್ನು ಕೆಲಕಾಲ ಮುಚ್ಚಿಟ್ಟಿದ್ದರು. ಮುಂದೆ ತಾಯಿಯನ್ನು ನೆನೆದು ಕಟ್ಟಿದ ಹಾಡಿನಲ್ಲಿ, ಇಪ್ಪತ್ತೊಂದು ತುಂಬಿದ್ದು ಜೈಲಿನಲ್ಲಿ ಎಂಬ ಮಾತು ಅವರ ಬದುಕಿನದೇ. ಬಿಡುಗಡೆಯೇ ಇಲ್ಲದ ಜೀವಾವಧಿ ಶಿಕ್ಷೆ ಮಾತ್ರ ಹಾಡಿನದು, ಏಕೆಂದರೆ ಅವರು 1960ರಲ್ಲೇ ಹೊರಬಂದಿದ್ದರು. ಇಷ್ಟು ತಿಳಿದ ಮೇಲೂ ಆ ಹಾಡು ಸುಳ್ಳೆನಿಸುವುದಿಲ್ಲ, ಯಾಕೆಂದರೆ ಮಗನ ನಾಚಿಕೆ ಅದರಲ್ಲಿ ಇದ್ದ ಹಾಗೆಯೇ ಇದೆ. ನೀವು ಬರೆಯಬೇಕಾಗಿದ್ದದ್ದು ಆ ನಾಚಿಕೆಯನ್ನು, ಬರೆದದ್ದು ಕೈಕೋಳವನ್ನು.

'ಔಟ್‌ಲಾ' ಎಂಬ ಮಾತಿನ ಹಿಂದಿದ್ದ ಜಗಳವೂ ಬಂದೂಕಿನದಲ್ಲ. ಕಂಟ್ರಿ ಸಂಗೀತೋದ್ಯಮದ ಕೇಂದ್ರವಾದ ನ್ಯಾಶ್‌ವಿಲ್ಲಿನಲ್ಲಿ ಆಗ ಯಾವ ಹಾಡು, ಯಾವ ವಾದ್ಯಗಾರರು ಎಂಬುದನ್ನೆಲ್ಲ ಧ್ವನಿಮುದ್ರಣ ಕಂಪನಿಯ ನಿರ್ಮಾಪಕರೇ ತೀರ್ಮಾನಿಸುತ್ತಿದ್ದರು. ವೇಲನ್ ಜೆನ್ನಿಂಗ್ಸ್ 1972ರಲ್ಲಿ ಹಟ ಹಿಡಿದು ಕರಾರು ಬದಲಾಯಿಸಿ ಆ ಹಕ್ಕನ್ನು ಕೈಗೆ ತೆಗೆದುಕೊಂಡರು. ಮರುವರ್ಷದ ಆಲ್ಬಮ್ಮಿಗೆ ಹೆಚ್ಚುಕಡಿಮೆ ಎಲ್ಲ ಹಾಡುಗಳನ್ನೂ ಆರಿಸಿದ್ದು, ಮರದ ಮಿಲ್ಲಿನಲ್ಲಿ ಬೆರಳು ಕಳೆದುಕೊಂಡಿದ್ದ ಗೀತರಚನೆಕಾರ ಬಿಲ್ಲಿ ಜೋ ಶೇವರ್ ಅವರ ರಚನೆಗಳಿಂದ. ವಿಲ್ಲಿ ನೆಲ್ಸನ್ 1975ರಲ್ಲಿ ಕೆಲವೇ ವಾದ್ಯ ಇಟ್ಟುಕೊಂಡು ಮಾಡಿದ ಧ್ವನಿಮುದ್ರಣವನ್ನು ಕೇಳಿದ ಕಂಪನಿಯವರು ಅದನ್ನು ಬರೀ ಕರಡು ಎಂದುಕೊಂಡರು. ವಿಲ್ಲಿ ಒಂದು ತಂತಿಯನ್ನೂ ಸೇರಿಸಲು ಒಪ್ಪಲಿಲ್ಲ. ಆದರೆ 1976ರ ಹೊತ್ತಿಗೆ ವೇಲನ್ ಅವರ ಕಂಪನಿಯೇ ಈ ಗಾಯಕರ ಹಳೆಯ ಹಾಡುಗಳನ್ನು ಒಟ್ಟುಗೂಡಿಸಿ, ಪೊಲೀಸರಿಗೆ ಬೇಕಾದವರ ಭಿತ್ತಿಪತ್ರದಂಥ ಹೊದಿಕೆ ಹಾಕಿ ಮಾರಿತು. ಹತ್ತು ಲಕ್ಷ ಪ್ರತಿಗಳ ಮಾರಾಟಕ್ಕೆ ಕೊಡುವ ಪ್ಲಾಟಿನಂ ಮನ್ನಣೆ ಪಡೆದ ಮೊದಲ ಕಂಟ್ರಿ ಆಲ್ಬಮ್ ಅದೇ. ಎರಡೇ ವರ್ಷದಲ್ಲಿ ವೇಲನ್ ಈ ಔಟ್‌ಲಾ ಪ್ರಸಂಗ ಕೈಮೀರಿತೆಂದು ಹಾಡಿಯೇ ಹೇಳಬೇಕಾಯಿತು. ನಿಮ್ಮ ಹಸ್ತಪ್ರತಿ ಆ ಭಿತ್ತಿಪತ್ರವನ್ನು ನೋಡಿ ಬರೆದಂತಿದೆ. ಆ ಕಾಲದಲ್ಲಿ ನಾಲ್ಕು ವರ್ಷ ಟೆಕ್ಸಸ್‌ನಲ್ಲಿ ಓದಿದ ನನಗೆ ಅದು ಸಹನೆಯಾಗಲಿಲ್ಲ.

ನನ್ನ ಸಿಟ್ಟಿಗೆ ಸ್ವಂತ ಕಾರಣವೂ ಇದೆ. ನನ್ನ ಮೊದಲ ಕಥೆಯಲ್ಲಿ 'ಮಣ್ಣಿನ ವಾಸನೆ' ಇದೆಯೆಂದು ವಿಮರ್ಶಕರೊಬ್ಬರು ಹೊಗಳಿದರು. ನಮ್ಮ ತಂದೆ ತಾಲ್ಲೂಕು ಕಚೇರಿಯ ಗುಮಾಸ್ತರು. ನಾನು ನೇಗಿಲು ಮುಟ್ಟಿದವನಲ್ಲ. ಆದರೂ ಎಂಟು ವರ್ಷ ಆ ಹೊಗಳಿಕೆಗೆ ತಕ್ಕಂತೆ ಉಳುಮೆಯನ್ನೂ ಬರಗಾಲವನ್ನೂ ಬರೆದೆ. ರಾತ್ರಿ ಲಾಟೀನಿನ ಬೆಳಕಿನಲ್ಲಿ ಪಹಣಿಯ ನಕಲು ಬರೆಯುತ್ತಾ, ಯಾರದೋ ಜಮೀನು ಕೈತಪ್ಪುತ್ತಿರುವುದು ತಿಳಿದೂ ಸುಮ್ಮನಿದ್ದ ತಂದೆಯನ್ನು ಬರೆಯಲೇ ಇಲ್ಲ. ಬರೆಯಲು ಕುಳಿತಾಗ ಅವರಿರಲಿಲ್ಲ, ಕೇಳಬೇಕಾದದ್ದನ್ನು ಕೇಳಲಾಗಲಿಲ್ಲ. ಬಯ್ದವರಿಂದ ನನಗೆ ಇಷ್ಟು ಕೇಡಾಗಿರಲಿಲ್ಲ.

ಇನ್ನೊಂದು ಬೇಸರ. 180 ಪುಟಗಳಲ್ಲಿ ಹೆಂಗಸರಿಗೆ ಸಿಕ್ಕಿದ್ದು ಒಂದೇ ಪುಟ. ಹದಿನೈದರಲ್ಲಿ ಮದುವೆಯಾದ ಗಾಯಕಿ ಲೊರೆಟ್ಟಾ ಲಿನ್ 1975ರಲ್ಲಿ ಗರ್ಭನಿರೋಧಕ ಗುಳಿಗೆಯ ಮೇಲೆ ಹಾಡಿದಾಗ ಎಷ್ಟೋ ರೇಡಿಯೋ ಕೇಂದ್ರಗಳು ಅದನ್ನು ಹಾಕಲಿಲ್ಲ. ನೀವು ಕೊಂಡಾಡಿದ ಎಷ್ಟು ಗಂಡಸರಿಗೆ ಅಷ್ಟು ಧೈರ್ಯವಿತ್ತು? ಈಚಿನವರಲ್ಲಿ ಕೆಂಟಕಿಯ ಟೈಲರ್ ಚಿಲ್ಡರ್ಸ್ ಅವರ ಗಡ್ಡವನ್ನು ವರ್ಣಿಸಿದ್ದೀರಿ. 2020ರ ಆಲ್ಬಮ್ಮಿನಲ್ಲಿ ಪದವಿಲ್ಲದ ಎಂಟು ಪಿಟೀಲು ಮಟ್ಟುಗಳನ್ನು ನುಡಿಸಿ, ಕೊನೆಯ ಒಂದೇ ಹಾಡಿನಲ್ಲಿ, ಕಪ್ಪು ಜನರ ನೋವು ನಿಮ್ಮ ಮನೆಯದಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಅವರು ತಮ್ಮದೇ ಹಳ್ಳಿಗಾಡಿನ ಬಿಳಿಯ ಕೇಳುಗರನ್ನು ಕೇಳಿದ್ದನ್ನು ಬಿಟ್ಟಿದ್ದೀರಿ. ಸ್ವಂತ ಅಭಿಮಾನಿಗಳ ಮುನಿಸಿಗೆ ಹೆದರದೆ ಕೇಳಿದ ಪ್ರಶ್ನೆ ಅದು.

ನಿಮ್ಮ ದನಿ ನನಗೆ ಕೇಳಿಸಿದ್ದು ಹೆಂಗಸರಿಗೆ ಸಿಕ್ಕ ಆ ಒಂದು ಪುಟದಲ್ಲೇ. ಇಲಿನಾಯ್‌ನಲ್ಲಿ ತನ್ನ ಮನೆಯವರು ಕಳೆದುಕೊಂಡ ಹೊಲದ ಬಗ್ಗೆ ಗಾಯಕಿ ಮಾರ್ಗೊ ಪ್ರೈಸ್ ಹಾಡಿದ್ದು, 2016ರ ಆ ಆಲ್ಬಮ್ಮಿನ ಖರ್ಚಿಗೆ ಮದುವೆಯ ಉಂಗುರ ಅಡವಿಟ್ಟಿದ್ದು, ಅದನ್ನು ನೀವು ಡಲ್ಲಾಸಿನ ಗೋದಾಮಿನ ರಾತ್ರಿ ಪಾಳಿ ಮುಗಿಸಿ ಕಾರಿನಲ್ಲಿ ಕುಳಿತು ಕೇಳಿದ್ದು. ಅಪ್ಪ ಮಾರಿದ ಎರಡು ಎಕರೆ ಅಡಿಕೆ ತೋಟ ನೆನಪಾಗಿ ಊರಿಗೆ ಫೋನ್ ಮಾಡಲು ಹೋಗಿ ಮಾಡದೆ ಬಿಟ್ಟದ್ದು. ಆ ಆರು ಸಾಲು ಓದಿ ಹಾಳೆ ಕೆಳಗಿಟ್ಟೆ. ಫೋನ್ ಯಾಕೆ ಮಾಡಲಿಲ್ಲ ಎಂಬುದನ್ನು ನೀವು ಬರೆದಿಲ್ಲ. ಮೊದಲು ಅದನ್ನು ಬರೆದು ಕಳುಹಿಸಿ. ಉಳಿದ 179 ಪುಟಗಳ ವಿಚಾರವನ್ನು ಆಮೇಲೆ ನೋಡೋಣ. ನಿಮ್ಮ ತಂದೆ ಇನ್ನೂ ಊರಿನಲ್ಲೇ ಇದ್ದಾರೆಂದು ಬರೆದಿದ್ದೀರಿ.

ಇಂತಿ,
ನಿಮ್ಮ ಹಿತೈಷಿ